ಕೈಗೆ ತಕ್ಕ ಪಿಸ್ತೂಲು

ದೊಡ್ಡ ಶೂಟಿಂಗ್ ಪಂದ್ಯಗಳಲ್ಲಿ ಮೊದಲ ಗುಂಡು ಹಾರುವುದಕ್ಕೆ ಮುಂಚೆಯೇ ಒಂದು ಪರೀಕ್ಷೆ ಮುಗಿದಿರುತ್ತದೆ. ಒಂದು ಉದ್ದನೆಯ ಮೇಜು, ಅದರಾಚೆ ಸಲಕರಣೆ ತಪಾಸಣೆಯ ಅಧಿಕಾರಿಗಳು, ಈಚೆ ಪೆಟ್ಟಿಗೆ ಹಿಡಿದು ಸಾಲುಗಟ್ಟಿದ ಶೂಟರ್‌ಗಳು. ಏರ್ ಪಿಸ್ತೂಲನ್ನು ಮೊದಲು ಅಳತೆಯ ಡಬ್ಬಿಯೊಂದರಲ್ಲಿ ಇಳಿಸಿ ನೋಡುತ್ತಾರೆ. 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲದ ಡಬ್ಬಿ ಅದು. ಹಿಡಿಯ ಒಂದು ಮೂಲೆ ತಗುಲಿಕೊಂಡರೂ ಆಚೆ ಹೋಗಿ ಅರದಲ್ಲಿ ಉಜ್ಜಿಕೊಂಡು ಬರಬೇಕು. ಆಮೇಲೆ ತಕ್ಕಡಿ. ಒಂದೂವರೆ ಕಿಲೋ ಮೀರುವಂತಿಲ್ಲ. ಕೊನೆಗೆ ಪಿಸ್ತೂಲಿನ ಮೂತಿಯನ್ನು ನೆಟ್ಟಗೆ ಮೇಲೆ ಮಾಡಿ, ಟ್ರಿಗರ್‌ಗೆ 500 ಗ್ರಾಂ ತೂಕದ ಬಟ್ಟನ್ನು ಸಿಕ್ಕಿಸಿ ನಿಧಾನವಾಗಿ ಎತ್ತುತ್ತಾರೆ. ಬಟ್ಟು ಮೇಜು ಬಿಟ್ಟು ಮೇಲೆದ್ದರೆ ಪಾಸು. ಅದಕ್ಕೆ ಮೊದಲೇ ‘ಟಿಕ್’ ಎಂದರೆ ಸ್ಕ್ರೂ ತಿರುಗಿಸಿಕೊಂಡು ಮತ್ತೆ ಸಾಲಿನ ಕೊನೆಗೆ.

ಆ ಮೇಜಿನ ಮೇಲೆ ಬಂದು ಹೋಗುವ ಪಿಸ್ತೂಲುಗಳನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯವೇ ಹತ್ತಾರು ಇದ್ದರೂ ಒಂದರಂತೆ ಇನ್ನೊಂದಿಲ್ಲ. ಒಂದರ ಹಿಡಿಗೆ ಬೂದು ಬಣ್ಣದ ಪುಟ್ಟಿ ಮೆತ್ತಿದೆ. ಇನ್ನೊಂದರಲ್ಲಿ ಹೆಬ್ಬೆರಳು ಕೂರುವ ಜಾಗವನ್ನು ಕೆತ್ತಿ ಇಳಿಸಿದ್ದಾರೆ. ಮತ್ತೊಂದರ ನಳಿಕೆಯ ಕೆಳಗೆ ಸಣ್ಣ ಸಣ್ಣ ಲೋಹದ ತೂಕಗಳು. ಕಾರ್ಖಾನೆಯಿಂದ ಬಂದ ಸಾಮಾನು ಅರ್ಧ ಮಾತ್ರ, ಉಳಿದರ್ಧವನ್ನು ಶೂಟರೇ ಮಾಡಿಕೊಳ್ಳಬೇಕು.

ಬರಿಗೈಯ ಮನುಷ್ಯ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಒಂದು ಕೈಯನ್ನು ಪ್ಯಾಂಟಿನ ಜೇಬಿಗಿಳಿಸಿ, ಮಾಮೂಲಿ ಕನ್ನಡಕದಲ್ಲೇ ಗುರಿಯಿಟ್ಟು 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಆ ಚಿತ್ರ ವಾಟ್ಸ್‌ಆಪ್ ಇರುವ ಎಲ್ಲ ಮನೆಗಳಿಗೂ ಬಂತು. ‘ಯಾವ ಸಲಕರಣೆಯೂ ಇಲ್ಲದೆ ಬಂದು ಪದಕ ಹೊಡೆದ’ ಎಂಬ ಒಕ್ಕಣೆಯೂ ಜತೆಗಿತ್ತು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ದಕ್ಷಿಣ ಕೊರಿಯಾ ಜೋಡಿಯನ್ನು 16–10ರಿಂದ ಸೋಲಿಸಿ ಕಂಚು ಗೆದ್ದಿದ್ದರು ಎಂಬುದು ಆ ಗದ್ದಲದಲ್ಲಿ ಸ್ವಲ್ಪ ಮರೆಯಾಯಿತು ಕೂಡ.

ಒಕ್ಕಣೆ ತಮಾಷೆಯಾಗಿತ್ತು, ನಿಜವಾಗಿರಲಿಲ್ಲ. ಒಂದು ಕಣ್ಣನ್ನು ಮರೆಮಾಡುವ ಪಟ್ಟಿ, ಬೆಳಕು ಹೊಂದಿಸುವ ಶೂಟಿಂಗ್ ಕನ್ನಡಕ ಇವೆಲ್ಲ ಬೇಕೆಂದವರಿಗೆ ಉಂಟು, ಬೇಡವೆಂದವರು ಬಿಡುತ್ತಾರೆ. ಆದರೆ ಆ ಮಟ್ಟದಲ್ಲಿ ನಿಲ್ಲುವ ಯಾರ ಕೈಯಲ್ಲೂ ಮಾಮೂಲಿ ಪಿಸ್ತೂಲು ಇರುವುದಿಲ್ಲ. ಅಸಲಿ ಸಲಕರಣೆ ಮುಖದ ಮೇಲಲ್ಲ, ಮುಷ್ಟಿಯೊಳಗೆ ಇರುತ್ತದೆ.

ಕಾಲು ಮಿಲಿಮೀಟರಿನ ಲೆಕ್ಕ

ಯಾಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕು ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹತ್ತು ಮೀಟರ್ ದೂರದ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಸೀಸದ ಪೆಲೆಟ್ 4.5 ಮಿಲಿಮೀಟರ್ ದಪ್ಪ. ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ, ಪೆಲೆಟ್ಟಿನ ನಡು ಗುರಿಯ ನಡುವಿನಿಂದ ಸುಮಾರು 8 ಮಿಲಿಮೀಟರ್ ಆಚೀಚೆ ಬಿದ್ದರೂ ಹತ್ತೇ.

ಒಂಟಿ ಕೈಯನ್ನು ನೀಳವಾಗಿ ಚಾಚಿ ಒಂದು ಕಿಲೋ ಭಾರ ಹಿಡಿದು ನಿಂತಾಗ ಕೈ ಅಲುಗದೇ ಇರುವುದಿಲ್ಲ. ಒಲಿಂಪಿಕ್ ಚಾಂಪಿಯನ್ನರ ಕೈಯೂ ಅಲುಗುತ್ತದೆ. ಆದರೆ ಅಲುಗಾಟದಲ್ಲಿ ಎರಡು ಬಗೆ. ಇಡೀ ಪಿಸ್ತೂಲು ಹಾಗೆಯೇ ಐದು ಮಿಲಿಮೀಟರ್ ಎಡಕ್ಕೆ ಸರಿಯಿತೆನ್ನಿ, ಪೆಲೆಟ್ ಕೂಡ ಐದು ಮಿಲಿಮೀಟರ್ ಎಡಕ್ಕೆ ಬೀಳುತ್ತದೆ. ಹತ್ತು ಎಲ್ಲೂ ಹೋಗಲಿಲ್ಲ. ಮಣಿಕಟ್ಟು ತಿರುಗಿದರೆ ಮಾತ್ರ ಕತೆ ಬೇರೆ. ನಳಿಕೆಯ ತುದಿಯಲ್ಲಿರುವ ಮುಂದಿನ ಸೈಟು ಒಂದು ಚೌಕನೆಯ ಕಪ್ಪು ಹಲ್ಲು. ಅದು ಹಿಂದಿನ ಸೈಟಿನ ಕಚ್ಚಿನ ನಟ್ಟನಡುವೆ ಕಾಣಬೇಕು. ಇವೆರಡರ ನಡುವಿನ ಅಂತರ ಸುಮಾರು 33 ಸೆಂಟಿಮೀಟರ್. ಗುರಿ ಇರುವುದು ಅದರ ಮೂವತ್ತು ಪಟ್ಟು ದೂರದಲ್ಲಿ. ಹಾಗಾಗಿ ಆ ಹಲ್ಲು ಕಚ್ಚಿನೊಳಗೆ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುರಿಯಲ್ಲಿ ಅದು ಏಳೂವರೆ ಮಿಲಿಮೀಟರ್ ಆಗುತ್ತದೆ. ಹತ್ತರ ಅಂಚಿಗೇ ಬಂದ ಹಾಗಾಯಿತು. ಅದಕ್ಕಿಂತ ಒಂದು ಕೂದಲು ಹೆಚ್ಚಾದರೆ ಒಂಬತ್ತು.

ಅರ್ಹತಾ ಸುತ್ತಿನಲ್ಲಿ ಇಂಥ 60 ಹೊಡೆತಗಳು, ಸಮಯ 75 ನಿಮಿಷ. ಜಗತ್ತಿನ ಮುಂಚೂಣಿಯವರು 600ಕ್ಕೆ 580ರ ಆಚೆ ಹೋಗುತ್ತಾರೆ. ಅಂದರೆ ಅರವತ್ತು ಬಾರಿ ಕೈ ಎತ್ತಿದಾಗಲೂ ಆ ಹಲ್ಲು ಕಚ್ಚಿನ ನಡುವೆಯೇ ಬಂದು ನಿಲ್ಲಬೇಕು. ಪ್ರತಿ ಸಲ ಮಣಿಕಟ್ಟನ್ನು ತಿರುಚಿ ಸರಿಪಡಿಸಿಕೊಳ್ಳುತ್ತ ಕೂತರೆ ಮೂವತ್ತನೆಯ ಹೊಡೆತದ ಹೊತ್ತಿಗೆ ಸ್ನಾಯು ಸೋಲುತ್ತದೆ. ಪಿಸ್ತೂಲು ತಾನಾಗಿಯೇ ಸರಿಯಾದ ಜಾಗಕ್ಕೆ ಬರುವಂತೆ ಮಾಡುವುದು ಹಿಡಿಯ ಕೆಲಸ. ಶೂಟರ್‌ಗಳು ನಳಿಕೆಗಿಂತ ಹಿಡಿಯ ಮೇಲೆ ಹೆಚ್ಚು ಹೊತ್ತು ಕಳೆಯುವುದು ಇದಕ್ಕೇ.

ಅರ, ಪುಟ್ಟಿ, ಮರಳು ಕಾಗದ

ಮಲೆನಾಡಿನ ಮನೆಗಳಲ್ಲಿ ಒಬ್ಬರ ಕೈಗೆ ಪಳಗಿದ ಕತ್ತಿ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಪಿಸ್ತೂಲಿನ ಹಿಡಿಯೂ ಹಾಗೆಯೇ.

ಕಂಪನಿಗಳು ವಾಲ್‌ನಟ್ ಮರದ ಅಥವಾ ಪದರ ಪದರವಾಗಿ ಅಂಟಿಸಿದ ಮರದ ಹಿಡಿಗಳನ್ನು ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ, ಎಡಗೈಗೆ ಬಲಗೈಗೆ ಬೇರೆ ಬೇರೆಯಾಗಿ ಕೊಡುತ್ತವೆ. ಹಿಡಿಯ ಕೆಳಗೆ ಅಂಗೈಯ ಅಂಚು ಕೂರಲು ಒಂದು ತಟ್ಟೆ ಇರುತ್ತದೆ. ಸ್ಕ್ರೂ ಸಡಿಲಿಸಿ ಅದನ್ನು ಮೇಲೆ ಕೆಳಗೆ ಮಾಡಬಹುದು. ಹಿಡಿ ಪಿಸ್ತೂಲಿಗೆ ಸೇರುವ ಕೋನವನ್ನೂ ಒಳ್ಳೆಯ ಮಾದರಿಗಳಲ್ಲಿ ಬದಲಿಸಬಹುದು. ಕೈ ಎತ್ತಿದಾಗಲೆಲ್ಲ ಮುಂದಿನ ಸೈಟು ಮೇಲೆದ್ದೇ ಕಾಣುತ್ತಿದ್ದರೆ ಮಣಿಕಟ್ಟನ್ನು ಬಗ್ಗಿಸುವುದು ದಡ್ಡತನ, ಬಗ್ಗಿಸಬೇಕಾದದ್ದು ಹಿಡಿಯ ಕೋನವನ್ನು.

ಇಷ್ಟಾದ ಮೇಲೂ ಅಂಗೈಗೂ ಮರಕ್ಕೂ ನಡುವೆ ಎಲ್ಲೋ ಒಂದು ಪೊಳ್ಳು ಉಳಿದೇ ಉಳಿಯುತ್ತದೆ. ಪೊಳ್ಳು ಇದ್ದಲ್ಲಿ ಕೈ ಪ್ರತಿ ಸಲ ಒಂದೊಂದು ಕಡೆ ಕೂರುತ್ತದೆ. ಅದನ್ನು ತುಂಬಲು ಬಡಗಿಗಳು ಬಳಸುವಂಥ, ಎರಡು ಭಾಗ ಕಲಸಿ ಗಟ್ಟಿಯಾಗಿಸುವ ಎಪಾಕ್ಸಿ ಪುಟ್ಟಿ ಬೇಕು. ಪುಟ್ಟಿ ಮೆತ್ತಗಿರುವಾಗಲೇ ಕೈಗೆ ಪೌಡರ್ ಹಚ್ಚಿಕೊಂಡು, ಗುರಿಯಿಡುವಾಗ ಹಿಡಿಯುವಷ್ಟೇ ಬಿಗಿಯಲ್ಲಿ ಹಿಡಿದು ಅಚ್ಚು ಮೂಡಿಸುತ್ತಾರೆ. ಒಣಗಿದ ಮೇಲೆ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದು ಮತ್ತೆ ಹಿಡಿದರೆ ಎಲ್ಲಿ ಒತ್ತುತ್ತಿದೆ ಎಂಬುದು ಬಿಳಿ ಕಲೆಯಾಗಿ ಕಾಣುತ್ತದೆ. ಆ ಕಲೆಯನ್ನು ಮರಳು ಕಾಗದದಲ್ಲಿ ನವುರಾಗಿ ಉಜ್ಜಬೇಕು. ಮತ್ತೆ ಪುಡಿ, ಮತ್ತೆ ಉಜ್ಜು. ಪುಟ್ಟಿಯನ್ನು ಎಷ್ಟು ಸಲ ಬೇಕಾದರೂ ಮೆತ್ತಬಹುದು. ಮರವನ್ನು ಒಮ್ಮೆ ಕೆತ್ತಿದರೆ ಅದು ಮರಳಿ ಬೆಳೆಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ, ಮೊದಲ ವಾರವೇ ಅರ ಹಿಡಿದುಬಿಡುತ್ತಾರೆ.

ಟ್ರಿಗರ್ ಎಳೆಯುವ ತೋರುಬೆರಳು ಮರಕ್ಕೆ ತಾಗಲೇಬಾರದು. ಅದು ತಾಗಿದರೆ ಎಳೆತದ ಜತೆ ಪಿಸ್ತೂಲೂ ಪಕ್ಕಕ್ಕೆ ತಳ್ಳಲ್ಪಡುತ್ತದೆ. ಹಿಡಿತದ ಹೆಚ್ಚಿನ ಭಾರ ನಡುಬೆರಳು ಮತ್ತು ಉಂಗುರ ಬೆರಳಿನದು. ಹೆಬ್ಬೆರಳು ಸುಮ್ಮನೆ ಒರಗಿಕೊಂಡಿರಬೇಕು. ಆ ಒರಗುವ ಜಾಗ ತೀರಾ ಆರಾಮಾಗಿದ್ದರೆ ಹೆಬ್ಬೆರಳಿಗೆ ಒತ್ತುವ ಚಪಲ ಬರುತ್ತದೆ ಎಂದು ಕೆಲವು ಕೋಚ್‌ಗಳು ಬೇಕೆಂದೇ ಅದನ್ನು ಇಳಿಜಾರು ಮಾಡಿಸುತ್ತಾರೆ.

ಹಿಡಿ ಕೂತಿದೆಯೋ ಇಲ್ಲವೋ ಎಂದು ನೋಡಲು ಯಂತ್ರವೇನೂ ಬೇಡ. ಬಿಳಿ ಗೋಡೆಯ ಮುಂದೆ ನಿಂತು, ಕಣ್ಣು ಮುಚ್ಚಿ, ಖಾಲಿ ಪಿಸ್ತೂಲನ್ನು ಎತ್ತಿ ನಿಲ್ಲಿಸಿ, ಕಣ್ಣು ತೆರೆಯಬೇಕು. ಹಲ್ಲು ಕಚ್ಚಿನ ನಡುವೆ ಇದ್ದರೆ ಸರಿ. ಪ್ರತಿ ಸಲವೂ ಎಡಕ್ಕೇ ವಾಲುತ್ತಿದ್ದರೆ ತಪ್ಪು ಹಿಡಿಯದು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದರೆ ತಪ್ಪು ಹಿಡಿದವರದು.

ಇದಕ್ಕೆಲ್ಲ ನಿಯಮದ ಬೇಲಿಯೂ ಇದೆ. ಹಿಡಿಯ ಯಾವ ಭಾಗವೂ ಹಸ್ತವನ್ನು ದಾಟಿ ಮಣಿಕಟ್ಟಿಗೆ ಆಸರೆ ಕೊಡಬಾರದು. ಕೆಳಗಿನ ತಟ್ಟೆ ಮೇಲ್ಮುಖವಾಗಿ ಬಾಗಿ ಕೈಯನ್ನು ಅಪ್ಪಿಕೊಳ್ಳಬಾರದು, ಹಿಡಿಗೆ ಕನಿಷ್ಠ 90 ಡಿಗ್ರಿಯಲ್ಲಿ ನಿಲ್ಲಬೇಕು. ತಾವೇ ಉಜ್ಜುತ್ತ ಕೂರಲು ತಾಳ್ಮೆಯಿಲ್ಲದವರು ಅಂಗೈಯ ರೇಖಾಚಿತ್ರವನ್ನು ಕಾಗದದ ಮೇಲೆ ಬಿಡಿಸಿ ಜರ್ಮನಿಯ ರಿಂಕ್‌ನಂಥ ಹಿಡಿ ತಯಾರಕರಿಗೆ ಕಳಿಸುತ್ತಾರೆ. ಈಚೆಗೆ ಕೈಯನ್ನು ಸ್ಕ್ಯಾನ್ ಮಾಡಿ 3ಡಿ ಪ್ರಿಂಟರ್‌ನಲ್ಲಿ ಹಿಡಿ ತೆಗೆಯುವವರೂ ಇದ್ದಾರೆ. ಯಾರೇ ಮಾಡಿಕೊಟ್ಟರೂ ಕೊನೆಯ ಮರಳು ಕಾಗದದ ಕೆಲಸ ಸ್ವಂತದ್ದೇ.

ಐನೂರು ಗ್ರಾಂ

ಏರ್ ಪಿಸ್ತೂಲಿನ ಟ್ರಿಗರ್ ಎರಡು ಹಂತದ್ದು. ಮೊದಲ ಹಂತದಲ್ಲಿ ಬೆರಳು ಸ್ವಲ್ಪ ದೂರ ಸಲೀಸಾಗಿ ಹೋಗಿ ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಇನ್ನಷ್ಟು ಒತ್ತಿದರೆ ಪೆಲೆಟ್ ಹೊರಡುತ್ತದೆ. ಒಟ್ಟು 500 ಗ್ರಾಂಗೆ ಕಡಿಮೆ ಆಗಬಾರದು ಎಂಬುದಷ್ಟೇ ನಿಯಮ. ಆ ಐನೂರನ್ನು ಎರಡು ಹಂತಗಳಿಗೆ ಹೇಗೆ ಹಂಚಬೇಕು ಎಂಬುದು ಶೂಟರ್‌ನ ಇಷ್ಟ. ಬಹುಮಂದಿ ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೇ ಕೊಡುತ್ತಾರೆ, ಕೊನೆಯ ಒತ್ತು ಕೈಯನ್ನು ಕದಲಿಸದಿರಲಿ ಎಂದು. 25 ಮೀಟರ್ ಪಿಸ್ತೂಲಿಗೆ ಕನಿಷ್ಠ ಒಂದು ಕಿಲೋ. ಎರಡರಲ್ಲೂ ಆಡುವವರಿಗೆ ಇದು ದಿನನಿತ್ಯದ ತಲೆನೋವು.

ಟ್ರಿಗರ್ ಅಲಗನ್ನು ಹಿಂದೆ ಮುಂದೆ ಸರಿಸಬಹುದು, ಓರೆ ಮಾಡಬಹುದು. ಬೆರಳಿನ ತುದಿಯ ಮೆತ್ತನೆಯ ಭಾಗ ನೇರ ಹಿಂದಕ್ಕೆ ಎಳೆಯುವಂತೆ ಅದು ಕೂರಬೇಕು. ಆದರೆ ಹಿಡಿ ಗಟ್ಟಿಯಾಗುವ ಮುನ್ನ ಟ್ರಿಗರ್ ಮುಟ್ಟಬಾರದು. ಹಿಡಿ ಬದಲಾದರೆ ಬೆರಳು ಬರುವ ಜಾಗವೇ ಬದಲಾಗುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕೆಲವು ಪಿಸ್ತೂಲುಗಳಲ್ಲಿ ಟ್ರಿಗರ್ ಎಂದರೆ ಒಂದು ಸ್ವಿಚ್ಚು, ಒಳಗೆ ಬ್ಯಾಟರಿ ಮತ್ತು ಸರ್ಕಿಟ್. ಸವೆಯುವ ಲೋಹದ ಅಂಚುಗಳಿಲ್ಲದ್ದರಿಂದ ಪ್ರತಿ ಎಳೆತವೂ ಒಂದೇ ಥರ ಇರುತ್ತದೆ. ಕೈಕೊಟ್ಟಾಗ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಅಲ್ಲೇ ರಿಪೇರಿ ಮಾಡುವುದು ಸುಲಭವಲ್ಲ.

ಪಂದ್ಯದ ನಡುವೆ ಪಿಸ್ತೂಲು ಕೈಕೊಡುವುದೆಂದರೆ ಏನು ಎಂಬುದನ್ನು ಭಾರತ 2021ರ ಜುಲೈ 25ರಂದು ನೋಡಿತು. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ 16 ಹೊಡೆತ ಮುಗಿಸಿದಾಗ ಪಿಸ್ತೂಲನ್ನು ಹೊಡೆತಕ್ಕೆ ಸಜ್ಜುಗೊಳಿಸುವ ಕಾಕಿಂಗ್ ಲಿವರ್ ಮುರಿಯಿತು. ಅದನ್ನು ಸರಿಪಡಿಸುವಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಹೋಯಿತು. ಅವಸರದಲ್ಲಿ ಉಳಿದ ಹೊಡೆತಗಳನ್ನು ಮುಗಿಸಿ 575 ಅಂಕ ಗಳಿಸಿದರು, 12ನೇ ಸ್ಥಾನ. ಫೈನಲ್‌ಗೆ ಎರಡೇ ಅಂಕ ಕಡಿಮೆ. ಬೇರೆ ಪಿಸ್ತೂಲು ಎತ್ತಿಕೊಳ್ಳಬಹುದಿತ್ತಲ್ಲ ಎಂದು ಆಗ ಮನೆಯಲ್ಲಿ ಕೂತು ಹೇಳಿದವರು ಬಹಳ. ಕೈಗೆ ಹೊಂದಿಸಿಕೊಂಡ ಪಿಸ್ತೂಲಿನ ಬದಲು ಇನ್ನೊಂದನ್ನು ಎತ್ತಿಕೊಳ್ಳುವುದು ಪೆನ್ನು ಬದಲಿಸಿದಷ್ಟು ಸುಲಭವಲ್ಲ. ಮೂರು ವರ್ಷದ ಬಳಿಕ ಅದೇ ಮನು ಪ್ಯಾರಿಸ್‌ನಲ್ಲಿ ಎರಡು ಕಂಚು ತಂದರು.

ತೂಕ ಮತ್ತು ಕಣ್ಣು

ತೂಕದ ವಿಷಯ ಚಿಕ್ಕದು. ಹೆಚ್ಚಿನ ಮಾದರಿಗಳು ಒಂದು ಕಿಲೋ ಆಸುಪಾಸಿನಲ್ಲಿರುತ್ತವೆ. ನಳಿಕೆಯ ಕೆಳಗಿನ ಕಂಬಿಗೆ ಸಣ್ಣ ತೂಕಗಳನ್ನು ಸೇರಿಸಿದರೆ ಮೂತಿ ಭಾರವಾಗಿ ಅಲುಗಾಟ ನಿಧಾನವಾಗುತ್ತದೆ, ಭುಜ ಬೇಗ ಸೋಲುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ತೂಕ ಸೇರಿಸುವ ಮಾತೇ ಬೇಡ.

ಸೈಟುಗಳ ವಿಷಯದಲ್ಲಿ ನಿಯಮ ಖಡಾಖಂಡಿತ. ಮಸೂರ, ಕೆಂಪು ಚುಕ್ಕೆ ಏನೂ ಕೂಡದು, ಬರೀ ಹಲ್ಲು ಮತ್ತು ಕಚ್ಚು. ಹಲ್ಲಿನ ಅಗಲವನ್ನೂ ಕಚ್ಚಿನ ಅಗಲವನ್ನೂ ಕಣ್ಣಿಗೆ ಹೊಂದಿಸಿಕೊಳ್ಳಬಹುದು. ಹಲ್ಲಿನ ಎರಡೂ ಪಕ್ಕದಲ್ಲಿ ಕಾಣುವ ಬೆಳಕಿನ ಗೆರೆ ತೀರಾ ಸಣ್ಣದಾದರೆ ಕಣ್ಣು ದಣಿಯುತ್ತದೆ, ಅಗಲವಾದರೆ ಹಲ್ಲು ನಡುವೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನಲವತ್ತು ದಾಟಿದವರು ಅಗಲದ ಕಡೆಗೇ ಹೋಗುವುದು ಸಹಜ.

ಯಾವುದನ್ನು ಕೊಳ್ಳುವುದು?

ಈ ಪ್ರಶ್ನೆಯನ್ನು ಅಪ್ಪ–ಅಮ್ಮಂದಿರು ರೇಂಜಿಗೆ ಕಾಲಿಟ್ಟ ವಾರದಲ್ಲೇ ಕೇಳುತ್ತಾರೆ. ಆಸ್ಟ್ರಿಯಾದ ಸ್ಟಾಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬಾವ್, ಇಟಲಿಯ ಪರ್ದಿನಿ. ಅಂತರರಾಷ್ಟ್ರೀಯ ಸಾಲಿನಲ್ಲಿ ಕಣ್ಣಿಗೆ ಬೀಳುವ ಹೆಸರುಗಳು ಹೆಚ್ಚೂ ಕಡಿಮೆ ಇಷ್ಟೇ. ಹೊಸದು ಲಕ್ಷ ರೂಪಾಯಿ ದಾಟುತ್ತದೆ. ಇಷ್ಟು ಹಣ ಹಾಕುವವರು ‘ಯಾವುದು ಹೆಚ್ಚು ನಿಖರ’ ಎಂದು ಕೇಳುವುದು ನ್ಯಾಯವೇ, ಆದರೆ ಅದು ಉಪಯೋಗಕ್ಕೆ ಬಾರದ ಪ್ರಶ್ನೆ. ಈ ಐದರಲ್ಲಿ ಯಾವುದನ್ನೇ ಇಕ್ಕಳದಲ್ಲಿ ಬಿಗಿದು ಹೊಡೆದರೂ ಪೆಲೆಟ್‌ಗಳು ಒಂದೇ ತೂತಿನಲ್ಲಿ ಹೋಗುತ್ತವೆ. ಹಾಗೆ ಹೊಡೆದು ತೋರಿಸಿದ ಕಾಗದವನ್ನು ಕಂಪನಿಗಳು ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತವೆ. ಪಿಸ್ತೂಲಿನಿಂದಾಗಿ ಕಳೆಯುವ ಅಂಕ ಇಲ್ಲವೆನ್ನುವಷ್ಟು ಕಡಿಮೆ.

ಕೇಳಬೇಕಾದ ಪ್ರಶ್ನೆ ಬೇರೆ: ಯಾವುದು ಈ ಕೈಗೆ ಹತ್ತಿರವಿದೆ, ಯಾವುದನ್ನು ಇನ್ನಷ್ಟು ಹತ್ತಿರ ತರಲು ಅವಕಾಶವಿದೆ? ಹಿಡಿಯ ಕೋನ ಎಷ್ಟು ಬದಲಾಗುತ್ತದೆ, ಸಣ್ಣ ಅಳತೆಯ ಹಿಡಿ ಸಿಗುತ್ತದೆಯೇ, ನಳಿಕೆ ಮುಷ್ಟಿಯಿಂದ ಎಷ್ಟು ಮೇಲಿದೆ. ಎಡಗೈಯವರಾದರೆ ಆಯ್ಕೆ ಇನ್ನೂ ಕಿರಿದು. ಹಂಗರಿಯ ಕಾರೊಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ರ‍್ಯಾಪಿಡ್ ಫೈರ್ (ಸರಸರನೆ ಗುಂಡು ಹಾರಿಸುವ ಪಿಸ್ತೂಲ್ ಸ್ಪರ್ಧೆ) ಚಿನ್ನ ಗೆದ್ದರು. ಛಲ ಅಷ್ಟು ದೊಡ್ಡದಿದ್ದರೆ ಸರಿ, ಉಳಿದವರು ಎಡಗೈ ಹಿಡಿ ಸಿಗುವ ಮಾದರಿಯನ್ನೇ ಹುಡುಕುವುದು ಲೇಸು.

ಗಿಡ್ಡ ದೇಹದ, ಸಣ್ಣ ಕೈಯ ಮಕ್ಕಳಿಗೆ ಇದೇ ಕಂಪನಿಗಳ ಚಿಕ್ಕ ನಳಿಕೆಯ ಮಾದರಿಗಳಿವೆ. ದೊಡ್ಡದನ್ನೇ ಕೊಂಡುಬಿಟ್ಟರೆ ಮುಂದೆ ಬೆಳೆದಾಗ ಆಗುತ್ತದೆ ಎಂಬ ನಮ್ಮ ಯೂನಿಫಾರ್ಮ್ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು. ಭಾರ ತಡೆಯಲಾರದೆ ಬೆನ್ನು ಹಿಂದಕ್ಕೆ ವಾಲಿಸಿ ನಿಲ್ಲುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಕಷ್ಟ.

ಆಮೇಲೆ ರಬ್ಬರ್ ವಾಷರ್‌ಗಳ ವಿಷಯ. ಈ ಪಿಸ್ತೂಲುಗಳು ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರಿನಿಂದ ಕೆಲಸ ಮಾಡುತ್ತವೆ. ಒಳಗಿನ ಸೀಲ್‌ಗಳು ಕಾಲಕ್ಕೆ ತಕ್ಕಂತೆ ಸೋರತೊಡಗುತ್ತವೆ. ಅವನ್ನು ಬದಲಿಸಿಕೊಡುವವರು ನಿಮ್ಮ ಊರಿನಲ್ಲಿ, ಕೊನೆಗೆ ಪಕ್ಕದ ರಾಜ್ಯದಲ್ಲಾದರೂ ಇದ್ದಾರೆಯೇ ಎಂದು ವಿಚಾರಿಸಿಯೇ ಮಾದರಿ ಆರಿಸಬೇಕು. ಸಿಲಿಂಡರಿನ ಆಯುಷ್ಯ ಹತ್ತು ವರ್ಷ, ತಯಾರಾದ ದಿನಾಂಕ ಅದರ ಮೇಲೇ ಇರುತ್ತದೆ. ಅವಧಿ ಮೀರಿದ್ದನ್ನು ಪಂದ್ಯಕ್ಕೆ ಬಿಡುವುದಿಲ್ಲ, ಬಿಟ್ಟರೂ ಬಳಸಬಾರದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ತಿರುಗಿಸಿ ನೋಡಬೇಕಾದದ್ದು ಅದನ್ನೇ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಮಧ್ಯಮ ದರ್ಜೆಯ ಪಿಸ್ತೂಲಿಗಿಂತ ಚೆನ್ನಾಗಿ ನೋಡಿಕೊಂಡ ಹಳೆಯ ಮೇಲ್ದರ್ಜೆಯದು ಎಷ್ಟೋ ಮೇಲು. ಉಳಿದ ಹಣದಲ್ಲಿ ಹೊಸ ಸಿಲಿಂಡರ್, ಕೈ ಅಳತೆಯ ಹಿಡಿ ಎರಡೂ ಬರುತ್ತವೆ. ಚಾಂಪಿಯನ್ನರ ಕೈಯಲ್ಲಿ ಯಾವುದಿದೆ ಎಂದು ಫೋಟೊ ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಫೋಟೊದಲ್ಲಿರುವ ಕೈ ನಿಮ್ಮದಲ್ಲ.

ಕೆಂಪು ಪಿಸ್ತೂಲು

ಒಬ್ಬ ಮನುಷ್ಯನಿಗಾಗಿಯೇ ಪಿಸ್ತೂಲು ಮಾಡುವುದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 2016ರ ರಿಯೊ ಒಲಿಂಪಿಕ್ಸ್ ಸಾಕ್ಷಿ. ಕೊರಿಯಾದ ಜಿನ್ ಜೊಂಗ್-ಒ ಅವರಿಗೆ ಮೊರಿನಿ ಕಂಪನಿ ಕಣ್ಣು ಕೋರೈಸುವ ಕೆಂಪು ಬಣ್ಣದ ಪಿಸ್ತೂಲನ್ನು ವಿಶೇಷವಾಗಿ ತಯಾರಿಸಿಕೊಟ್ಟಿತ್ತು. 50 ಮೀಟರ್ ಪಿಸ್ತೂಲ್ ಫೈನಲ್‌ನಲ್ಲಿ ಅವರ ಒಂದು ಹೊಡೆತ 6.6ಕ್ಕೆ ಬಿತ್ತು. ಎಂಥ ಪಿಸ್ತೂಲೂ ಆ ಕ್ಷಣದಲ್ಲಿ ಸಹಾಯಕ್ಕೆ ಬರುವುದಿಲ್ಲ. ಅಲ್ಲಿಂದ ಒಂದೊಂದೇ ಸ್ಥಾನ ಮೇಲೇರಿ ಅವರು ಸತತ ಮೂರನೆಯ ಒಲಿಂಪಿಕ್ ಚಿನ್ನ ಗೆದ್ದದ್ದು ಶೂಟಿಂಗ್ ಲೋಕ ಇಂದಿಗೂ ಮೆಲುಕು ಹಾಕುವ ಕತೆ.

ಆ ಸ್ಪರ್ಧೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರೂ ಇದ್ದರು. ಸಾಫ್ಟ್‌ವೇರ್ ಉದ್ಯೋಗ ಬಿಟ್ಟು ಶೂಟಿಂಗ್‌ಗೆ ಬಂದವರು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದವರು. ಅವರ ನಂತರ ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಮಹಿಳಾ ತಂಡ ಮತ್ತು ಮಿಶ್ರ ತಂಡ ಎರಡರಲ್ಲೂ ಬೆಳ್ಳಿ ತಂದರು.

50 ಮೀಟರ್ ಪಿಸ್ತೂಲನ್ನು ‘ಫ್ರೀ ಪಿಸ್ತೂಲ್’ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ತೂಕಕ್ಕೆ ಮಿತಿಯಿಲ್ಲ, ಟ್ರಿಗರ್‌ಗೆ ಕನಿಷ್ಠವಿಲ್ಲ, ಹಿಡಿ ಕೈಯನ್ನು ಪೂರ್ತಿ ಅಪ್ಪಿಕೊಳ್ಳಬಹುದು, ಮಣಿಕಟ್ಟೊಂದು ಬಿಡುವಾಗಿದ್ದರೆ ಸಾಕು. ಕೈಗಾರಿಕೆಯ ಕಲ್ಪನೆಗೆ ಅದೊಂದು ಬಯಲು. ರಿಯೊ ನಂತರ ಒಲಿಂಪಿಕ್ಸ್‌ನಿಂದ ಅದನ್ನು ತೆಗೆದು ಆ ಜಾಗಕ್ಕೆ ಮಿಶ್ರ ತಂಡದ ಸ್ಪರ್ಧೆಗಳನ್ನು ತಂದರು.

ಕಲ್ಪನೆ ಅತಿಯಾದಾಗಲೆಲ್ಲ ನಿಯಮ ಬಂದು ಕಿವಿ ಹಿಂಡಿದೆ. 1950ರ ದಶಕದಲ್ಲಿ ಸೋವಿಯತ್ ತಂತ್ರಜ್ಞರು ರ‍್ಯಾಪಿಡ್ ಫೈರ್ ಪಿಸ್ತೂಲನ್ನೇ ತಲೆಕೆಳಗು ಮಾಡಿ ನಳಿಕೆಯನ್ನು ಮುಷ್ಟಿಯ ಮಟ್ಟಕ್ಕೆ ಇಳಿಸಿದರು. ಒದೆತ ನೇರ ಕೈಯೊಳಕ್ಕೆ ಬರುವುದರಿಂದ ಮೂತಿ ಮೇಲಕ್ಕೆ ಎಗರುವುದಿಲ್ಲ. ಜಾಣ ಉಪಾಯ, ಆದರೆ ಮುಂದೆ ಅದಕ್ಕೆ ಅವಕಾಶ ಮುಚ್ಚಿತು. 2004ರವರೆಗೆ ರ‍್ಯಾಪಿಡ್ ಫೈರ್‌ನಲ್ಲಿ ಮೆದುವಾದ .22 ಶಾರ್ಟ್ ಗುಂಡು, ಕೈಯನ್ನು ಸುತ್ತಿಕೊಳ್ಳುವ ಹಿಡಿ, ಹಗುರ ಟ್ರಿಗರ್ ನಡೆಯುತ್ತಿತ್ತು. 2005ರಿಂದ .22 ಲಾಂಗ್ ರೈಫಲ್ ಗುಂಡು ಮತ್ತು ಒಂದು ಕಿಲೋ ಟ್ರಿಗರ್ ಕಡ್ಡಾಯವಾಯಿತು. ದುಬಾರಿ ಹಣ ಕೊಟ್ಟು ಮಾಡಿಸಿಕೊಂಡಿದ್ದ ಪಿಸ್ತೂಲುಗಳು ಒಂದೇ ಸಲಕ್ಕೆ ಮೂಲೆ ಸೇರಿದವು. ಮಾರ್ಪಾಡಿಗೆ ಹಣ ಸುರಿಯುವ ಮುನ್ನ ಈಗಿನ ನಿಯಮ ಪುಸ್ತಕ ಓದುವುದು ಈ ಕಾರಣಕ್ಕೆ.

ರೇಸ್ ಗನ್‌ಗಳ ಲೋಕ

ಮದ್ದಿನ ಪಿಸ್ತೂಲು ಹಿಡಿದು ಓಡುತ್ತ, ಬಾಗುತ್ತ, ಗಡಿಯಾರದ ವಿರುದ್ಧ ಗುರಿಗಳನ್ನು ಹೊಡೆಯುವ ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಆಟ ಅಮೆರಿಕದಲ್ಲಿ, ಯುರೋಪಿನಲ್ಲಿ ಜನಪ್ರಿಯ. ಅದರ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಮಿಸ್ಸೂರಿಯ ಕೊಲಂಬಿಯಾದಲ್ಲಿ ಹುಟ್ಟಿತು, ಜೆಫ್ ಕೂಪರ್ ಮೊದಲ ಅಧ್ಯಕ್ಷ. ಅಲ್ಲಿ ಮಾರ್ಪಾಡಿನ ದಿಕ್ಕೇ ಬೇರೆ, ಏಕೆಂದರೆ ನಿಖರತೆಯ ಜತೆ ವೇಗವೂ ಬೇಕು.

ಅಲ್ಲಿನವರು ಮೂಲ ಮಾದರಿಯಾಗಿ ಬಹುಕಾಲ ಆರಿಸಿದ್ದು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಪಿಸ್ತೂಲನ್ನು. ಅದು ಅತ್ಯುತ್ತಮ ಎಂದಲ್ಲ. ಟ್ರಿಗರ್ ನೇರ ಹಿಂದಕ್ಕೆ ಜಾರುತ್ತದೆ, ಬಿಚ್ಚಿ ಜೋಡಿಸುವುದು ಸುಲಭ, ಮುಖ್ಯವಾಗಿ ಅದರ ಬಿಡಿಭಾಗಗಳನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಯಾವುದೇ ತುಂಡು ಹಾಳಾದರೂ ಅಂಗಡಿಯಲ್ಲಿ ಸಿಗುತ್ತದೆ. 1990ರ ದಶಕದಲ್ಲಿ ಅದರ ಹಿಡಿಯ ಭಾಗವನ್ನು ಅಗಲಿಸಿ ಎರಡು ಸಾಲು ಗುಂಡು ತುಂಬುವಂತೆ ಮಾಡಿದ ರೂಪಕ್ಕೆ ‘2011’ ಎಂಬ ಹೆಸರೇ ಬಂತು. ಮೂತಿಯಲ್ಲಿ ಅನಿಲವನ್ನು ಮೇಲಕ್ಕೆ ಚಿಮ್ಮಿಸಿ ನಳಿಕೆಯನ್ನು ಕೆಳಕ್ಕೆ ಒತ್ತುವ ಕಾಂಪೆನ್ಸೇಟರ್, ಮೇಲೆ ಕೆಂಪು ಚುಕ್ಕೆಯ ಸೈಟು. ಇಂಥವನ್ನು ‘ರೇಸ್ ಗನ್’ ಎನ್ನುತ್ತಾರೆ.

ಯುರೋಪಿನ ಆಯ್ಕೆ ಜೆಕ್ ದೇಶದ ಸಿಝಡ್ 75. ಕೌಟ್ಸ್ಕಿ ಸೋದರರ ವಿನ್ಯಾಸ, 1975ರಲ್ಲಿ ಹೊರಬಂತು. ವಿದೇಶಗಳಲ್ಲಿ ಪೇಟೆಂಟ್ ರಕ್ಷಣೆ ಇಲ್ಲದ ಕಾರಣ ಇಟಲಿಯ ತನ್‌ಫೋಲಿಯೊದಂಥ ಕಂಪನಿಗಳು ಅದೇ ಅಚ್ಚಿನಲ್ಲಿ ತಮ್ಮದನ್ನು ಮಾಡಿದವು. ಆ ಆಟದಲ್ಲಿ ‘ಪ್ರೊಡಕ್ಷನ್’ ಎಂಬ ವಿಭಾಗವಿದೆ. ಅಲ್ಲಿ ಕಾರ್ಖಾನೆಯಿಂದ ಬಂದದ್ದನ್ನು ಹೆಚ್ಚು ಬದಲಿಸುವಂತಿಲ್ಲ. ಸಿಝಡ್ ಕಂಪನಿ ಏನು ಮಾಡಿತು? ಶೂಟರ್‌ಗಳು ತಮ್ಮ ಮನೆಯ ಮೇಜಿನ ಮೇಲೆ ಮಾಡುತ್ತಿದ್ದ ಬದಲಾವಣೆಗಳನ್ನು ತಾನೇ ಮಾಡಿ, ಭಾರದ ಉಕ್ಕಿನ ಚೌಕಟ್ಟಿನ ಸಿಝಡ್ ಶ್ಯಾಡೋ 2 ಎಂಬ ಮಾದರಿಯಾಗಿ ಮಾರಾಟಕ್ಕಿಟ್ಟಿತು. ನಿಯಮಕ್ಕೂ ಭಂಗವಿಲ್ಲ, ವ್ಯಾಪಾರಕ್ಕೂ ಲಾಭ.

ಕಾನೂನು ಏನು ಹೇಳುತ್ತದೆ?

ಇದನ್ನೆಲ್ಲ ಓದಿ ಇಲ್ಲೂ ಮಾಡಬಹುದೇ ಎನ್ನುವವರಿಗೆ ನೇರ ಉತ್ತರ: ಮದ್ದಿನ ಪಿಸ್ತೂಲನ್ನು ಮನೆಯಲ್ಲಿ ಮುಟ್ಟುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಆಯುಧವನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ಮಾರ್ಪಡಿಸುವುದಕ್ಕೆ, ರಿಪೇರಿ ಮಾಡುವುದಕ್ಕೆ ಕೂಡ ಪರವಾನಗಿ ಬೇಕು. 9 ಮಿಲಿಮೀಟರ್ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್. 25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿಗೂ ಲೈಸೆನ್ಸ್ ಬೇಕೇ ಬೇಕು.

ಏರ್ ಪಿಸ್ತೂಲಿನ ಸ್ಥಿತಿ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರ್ ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಪಂದ್ಯದ ಏರ್ ಪಿಸ್ತೂಲು ಅರ್ಧ ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡಿಸುತ್ತದೆ, ಶಕ್ತಿ ಆರು ಜೂಲ್ ಆಸುಪಾಸು. ಕಾಗದ ತೂತು ಮಾಡಲು ಅಷ್ಟು ಸಾಕು, ಕಣ್ಣು ಕಳೆಯಲೂ ಅಷ್ಟು ಸಾಕು. ಹಾಗಾಗಿ ಕಪಾಟಿಗೆ ಬೀಗ, ಖಾಲಿ ಇದೆಯೆಂದು ಎರಡು ಸಲ ನೋಡುವುದು, ಜನರ ಕಡೆಗೆ ಮೂತಿ ತಿರುಗಿಸದಿರುವುದು ಎಲ್ಲವೂ ಇದಕ್ಕೂ ಅನ್ವಯ. ಹಿಡಿ, ಟ್ರಿಗರ್ ಅಲಗು, ಸೈಟು, ತೂಕ ಇಷ್ಟನ್ನು ಹೊಂದಿಸಿಕೊಳ್ಳಿ. ಗಾಳಿಯ ಕವಾಟ, ಸಿಲಿಂಡರ್, ಒತ್ತಡ ನಿಯಂತ್ರಕ ಇವಕ್ಕೆ ಕೈ ಹಾಕಬೇಡಿ.

ಮಗಳೋ ಮಗನೋ ಶೂಟಿಂಗ್ ಕಲಿಯುತ್ತೇನೆ ಎಂದರೆ ಮೊದಲ ದಿನವೇ ಪಿಸ್ತೂಲು ಕೊಡಿಸಲು ಹೊರಡಬೇಡಿ. ಕೆಲವು ತಿಂಗಳು ರೇಂಜಿನ ಪಿಸ್ತೂಲಿನಲ್ಲೇ ಹೊಡೆಯಲಿ, ಬೇರೆ ಬೇರೆ ಮಾದರಿ ಕೈಗೆ ಬರಲಿ, ಕೋಚ್ ಜತೆ ಕೂತು ಟಿಪ್ಪಣಿ ಮಾಡಿಕೊಳ್ಳಲಿ. ಕೊಳ್ಳುವ ದಿನ ಮಗುವನ್ನು ಜತೆಗೇ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿ ಎತ್ತಿ ನೋಡಲು ಹೇಳಿ. ತಂದ ಮೇಲೆ ಒಂದು ಪಂದ್ಯದ ಋತು ಮುಗಿಯುವವರೆಗೆ ಅರವನ್ನು ಡಬ್ಬಿಯಲ್ಲೇ ಇಡಿ, ಪುಟ್ಟಿಯಲ್ಲೇ ಕೆಲಸ ನಡೆಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ತಾರೀಖು ಹಾಕಿ ಬರೆದಿಡಿ.